ಏಕಾಂತಪ್ಪನವರ ಹೆಬ್ಬೆರಳು

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಿಂದ ಕೂಡ್ಲಿಗಿ ರಸ್ತೆ ಹಿಡಿದು ನಾಲ್ಕು ಹೆಜ್ಜೆ ಹೋದರೆ ಎಡಗಡೆ ಏಕಾಂತಪ್ಪನವರ ಬಿಡಿಭಾಗಗಳ ಅಂಗಡಿ. ಒಳಗೆ ಗೋಡೆಗಳಿವೆ ಎಂಬುದು ಊಹೆ. ಕಾಣುವುದು ಮೇಲಿಂದ ಕೆಳಗಿನವರೆಗೆ ಮೊಳೆಗೆ ಜೋತುಬಿದ್ದ, ರೇಡಿಯೇಟರಿಗೆ ಹಾಕುವ ಕರಿಯ ರಬ್ಬರ್ ಪೈಪುಗಳು ಮಾತ್ರ. ಡೊಂಕಿನವು, ನೆಟ್ಟಗಿನವು, ಆನೆಯ ಸೊಂಡಿಲಿನಂಥವು, ಇಲಿಯ ಬಾಲದಂಥವು. ಯಾವುದಕ್ಕೂ ಚೀಟಿಯಿಲ್ಲ. ಯಾವ ಮೊಳೆಯಲ್ಲಿ ಯಾವ ಗಾಡಿಯ ಪೈಪಿದೆ ಎಂಬುದು ಜಗತ್ತಿನಲ್ಲಿ ಒಬ್ಬರಿಗೇ ಗೊತ್ತಿತ್ತು. ಆ ಒಬ್ಬರು ಅದನ್ನು ಇನ್ನೊಬ್ಬರಿಗೆ ಹೇಳಿಕೊಡುವ ಅವಸರದಲ್ಲಿರಲಿಲ್ಲ.

ಮೂವತ್ತನಾಲ್ಕು ವರ್ಷಗಳಿಂದ ಅವರ ಪದ್ಧತಿ ಒಂದೇ. ಗಿರಾಕಿ ಒಡೆದ ಪೈಪನ್ನು ತಂದು ಕೌಂಟರಿನ ಮೇಲಿಡಬೇಕು. ಗಾಡಿ ಯಾವುದೆಂದು ಹೇಳಬಾರದು, ಹೇಳಿದರೆ ಅವರಿಗೆ ಅವಮಾನ. ಏಕಾಂತಪ್ಪನವರು ಎರಡು ಬೆರಳನ್ನು ಪೈಪಿನ ಬಾಯೊಳಗೆ ತೂರಿಸಿ, ಹೆಬ್ಬೆರಳಿನಿಂದ ಹೊರಮೈಯನ್ನು ಒಂದು ಸಲ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಕಣ್ಣು ಮುಚ್ಚುವುದು ಈ ಕೆಲಸಕ್ಕೆ ಅಗತ್ಯವೇ ಎಂದು ಯಾರೂ ಕೇಳಿದವರಲ್ಲ. ಆಮೇಲೆ ಎದ್ದು, ಗೋಡೆಯಿಂದ ಒಂದನ್ನು ಎಳೆದು ಗಿರಾಕಿಯ ಮುಂದೆ ಎಸೆಯುತ್ತಿದ್ದರು. ಅದು ಗಾಡಿಗೆ ಸರಿಯಾಗಿ ಕೂರುತ್ತಿತ್ತು. ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಎಲ್ಲ ಕಡೆಯ ಮೆಕ್ಯಾನಿಕ್ಕುಗಳೂ ಪೈಪಿನ ನಂಬರು ಹುಡುಕುವ ಗೋಜಿಗೆ ಹೋಗದೆ, ಹಳೆಯದನ್ನು ಬೈಕಿನ ಹ್ಯಾಂಡಲಿಗೆ ಕಟ್ಟಿ ಇಲ್ಲಿಗೆ ಕಳಿಸುತ್ತಿದ್ದರು. ಒಮ್ಮೆ ಒಬ್ಬ ರೈತ, ಪೈಪು ದಾರಿಯಲ್ಲೇ ಉದುರಿಹೋಯಿತೆಂದು, ರೇಡಿಯೇಟರಿನ ಮೂತಿಯಷ್ಟೇ ದಪ್ಪದ ಮೆಕ್ಕೆಜೋಳದ ಬೆಂಡೊಂದನ್ನು ಆರಿಸಿ ಜೇಬಿನಲ್ಲಿಟ್ಟುಕೊಂಡು ಬಂದ. ಏಕಾಂತಪ್ಪನವರು ಬೆಂಡನ್ನು ಹಿಡಿದು, ಕಣ್ಣು ಮುಚ್ಚಿ, ಪೈಪು ಕೊಟ್ಟರು. ಅದೂ ಕೂತಿತು. ಗಾಡಿಗಳು ಓಡುವುದು ಡೀಸೆಲಿನಿಂದ, ತಮ್ಮ ಹೆಬ್ಬೆರಳಿನಿಂದಲ್ಲ ಎಂಬ ಜನಸಾಮಾನ್ಯರ ನಂಬಿಕೆಯನ್ನು ಅಂದಿನಿಂದ ಅವರು ಪೂರ್ತಿ ಒಪ್ಪುತ್ತಿರಲಿಲ್ಲ.

ಸೊಸೆ ಸುಕನ್ಯಾ ಅಂಗಡಿಯಲ್ಲಿ ಕೂರತೊಡಗಿ ನಾಲ್ಕು ವರ್ಷವಾಗಿತ್ತು. ಬಂದ ಹೊಸದರಲ್ಲಿ ಅವಳು ಒಂದು ವಾರ ಕೂತು, ಕಂಪನಿಯ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ ನೋಡಿ, ಪ್ರತಿ ಪೈಪಿಗೂ ನಂಬರು ಬರೆದ ಚೀಟಿ ಕಟ್ಟಿದಳು. ಮಾವನವರು ಮಾರನೆಯ ದಿನ ಬ್ಲೇಡು ಹಿಡಿದು ಅಷ್ಟನ್ನೂ ಕತ್ತರಿಸಿ ಹಾಕಿದರು. ಹೆಣದ ಕಾಲಿಗೆ ಚೀಟಿ ಕಟ್ಟಿದ ಹಾಗೆ ಕಾಣುತ್ತದೆ ಎಂಬುದು ಅವರು ಕೊಟ್ಟ ಕಾರಣ. ಸುಕನ್ಯಾ ಚೂರುಗಳನ್ನು ಗುಡಿಸಿದಳು. ಯಾವ ಗಾಡಿಗೆ ಯಾವ ನಂಬರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು.

ಹೋದ ವರ್ಷದ ಬೇಸಿಗೆಯಲ್ಲಿ ಏಕಾಂತಪ್ಪನವರು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಇನ್ನೊಂದು ಸಂತೆ ಬಯಲಿನಲ್ಲಿ ಕಾಲಿನಿಂದ ಜಾರಿಹೋಗಿತ್ತು. ಅದು ಅವರಿಗೆ ತಿಳಿದದ್ದು ಹೆಂಡತಿ ನಾಗಲಿಂಗಮ್ಮ ಕೇಳಿದ ಮೇಲೆ. ತಿಂಗಳ ನಂತರ ಬಿಸಿ ಚಹಾದ ಸ್ಟೀಲ್ ಲೋಟವನ್ನು ಕೈಯಲ್ಲಿ ಹಿಡಿದು ಒಬ್ಬ ಗಿರಾಕಿಗೆ ಅರ್ಧ ಗಂಟೆ ಉಪದೇಶ ಮಾಡಿದರು. ಸಂಜೆ ಹೆಬ್ಬೆರಳಿನ ಮೇಲೆ ಬೊಬ್ಬೆ ಎದ್ದದ್ದನ್ನು ಸುಕನ್ಯಾ ನೋಡಿದಳು. ಸಕ್ಕರೆ ಕಾಯಿಲೆ ಹಳೆಯದು. ಸೊಸೆಯೇ ಅವರನ್ನು ಹೊಸಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಕಣ್ಣು ಮುಚ್ಚಲು ಹೇಳಿದರು. ಆ ಕೆಲಸ ಏಕಾಂತಪ್ಪನವರಿಗೆ ರೂಢಿಯಿತ್ತು, ಗಾಂಭೀರ್ಯದಿಂದಲೇ ಮುಚ್ಚಿದರು. ಸೂಜಿಯ ಮೊನೆ ಯಾವ ಬೆರಳಿಗೆ ತಾಗಿತೆಂದು ಹೇಳಬೇಕು, ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಏಕಾಂತಪ್ಪನವರು ಕೇಳಿದರು:

“ಯಾವಾಗ ಚಾಲೂ ಮಾಡ್ತೀರಿ ಡಾಕ್ಟರ?”

ಅಷ್ಟರಲ್ಲಿ ಏಳು ಸಲ ಚುಚ್ಚಿ ಆಗಿತ್ತು.

ನರಗಳನ್ನು ಸಕ್ಕರೆ ತಿಂದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಏಕಾಂತಪ್ಪನವರು ಸೊಸೆಯ ಕಡೆ ತಿರುಗದೆ ಒಂದೇ ಮಾತು ಹೇಳಿದರು: “ಇದು ಅಂಗಡಿಗೆ ಗೊತ್ತಾಗಬಾರ್ದು.” ಅಂಗಡಿಯೂ ಮನೆಯ ಹಿರಿಯರಲ್ಲಿ ಒಬ್ಬರು ಎಂಬಂತೆ. ಬೆರಳಿಗೆ ಏನೂ ತಿಳಿಯುವುದಿಲ್ಲ ಎಂಬ ಸುದ್ದಿ ಹೊರಬಿದ್ದರೆ ತಾವು ಕೌಂಟರಿನ ಹಿಂದೆ ಕೂತ ಒಬ್ಬ ಮುದುಕ, ಅಷ್ಟೇ. ಐದು ತಾಲೂಕಿನಲ್ಲಿ ಅಂಥ ಮುದುಕರಿಗೆ ಕೊರತೆಯಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ತಿಂಗಳು ಕಣ್ಣಿನಿಂದಲೇ ನಡೆಯಿತು. ಮೊದಲು ಚೆನ್ನಾಗಿ ನೋಡಿಬಿಟ್ಟು, ಆಮೇಲೆ ಕಣ್ಣು ಮುಚ್ಚುತ್ತಿದ್ದರು.

ಹೊಸಹಳ್ಳಿಯ ಹುಲುಗಪ್ಪ ಬಂದದ್ದು ಆಗಲೇ. ಅವನಿಗೆ ಒಂದು ಹಳೆಯ ಬಿಳಿ ಡೀಸೆಲ್ ಕಾರು. ಮದುವೆಗೆ, ಆಸ್ಪತ್ರೆಗೆ ಹೋಗುವವರನ್ನು ಕೂರಿಸಿಕೊಂಡು ಓಡಿಸುತ್ತಿದ್ದ. ರೇಡಿಯೇಟರಿನ ಕೆಳಗಿನ ಪೈಪು ಸೀಳಿತ್ತು. ಕಾದು ಕಾದು ಅದರ ಮೇಲಿನ ನಂಬರು ಅಳಿಸಿಹೋಗಿತ್ತು. ಇಲ್ಲಿ ಒಂದು ವಿಷಯ ಹೇಳಬೇಕು. ಮೇಲಿನ ಪೈಪಿನಲ್ಲಿ ಬಿಸಿನೀರು ಎಂಜಿನ್ನಿನಿಂದ ನುಗ್ಗಿ ಬರುತ್ತದೆ, ಅದು ಮೆತ್ತಗಿದ್ದರೂ ನಡೆದೀತು. ಕೆಳಗಿನ ಪೈಪಿನಿಂದ ತಣಿದ ನೀರನ್ನು ಪಂಪು ಎಳೆದುಕೊಳ್ಳುತ್ತದೆ, ಆದ್ದರಿಂದ ಅದರ ಮೈ ಗಟ್ಟಿಯಾಗಿರಲೇಬೇಕು. ಅಂಗಡಿಯಲ್ಲಿ ಎರಡು ಪೈಪು ಅಕ್ಕಪಕ್ಕದ ಮೊಳೆಗಳಲ್ಲಿದ್ದವು. ಒಂದೇ ಬಾಯಿ, ಒಂದೇ ಡೊಂಕು. ಒಂದರ ಮೈ ಗಟ್ಟಿ, ಇನ್ನೊಂದರದು ಮೆತ್ತಗೆ. ಕಣ್ಣಿಗೆ ವ್ಯತ್ಯಾಸ ಕಾಣುತ್ತಿರಲಿಲ್ಲ, ಹೆಬ್ಬೆರಳಿಗೆ ಮಾತ್ರ ತಿಳಿಯುತ್ತಿತ್ತು.

ಸುಕನ್ಯಾ ನೋಟ್‌ಬುಕ್ಕು ತೆರೆದು ಕೇಳಿದಳು: “ಮಾವಾರ, ಗಾಡಿ ಯಾವ್ದು ಅಂತ ಕೇಳಿ ನಂಬರ್ ನೋಡಿ ಕೊಡ್ಲೇನ್ರಿ?”

“ನಂಬರ್ ನೋಡಿ ಕೊಡಾಕ ಇದೇನು ಲಾಟರಿ ಅಂಗಡಿಯೇನವ್ವ?”

ಹುಲುಗಪ್ಪ ನಕ್ಕ. ಏಕಾಂತಪ್ಪನವರು ಎರಡು ಬೆರಳು ತೂರಿಸಿದರು, ಹೆಬ್ಬೆರಳು ಒತ್ತಿದರು, ಕಣ್ಣು ಮುಚ್ಚಿದರು. ಈ ಸಲ ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿದ್ದರು. ಆಮೇಲೆ ಎದ್ದು ಮೆತ್ತಗಿನದನ್ನು ಎಳೆದು ಎಸೆದರು.

ಕೊಟ್ಟೂರಿನಲ್ಲಿ ಗ್ಯಾರೇಜು ಇಟ್ಟಿದ್ದ ದುರುಗೇಶ್ ಅದನ್ನು ಕೂರಿಸಿದ. ಊರೊಳಗೆ ಕಾರು ತಣ್ಣಗೇ ಇತ್ತು. ಹೊರಗೆ ರಸ್ತೆಯಲ್ಲಿ ವೇಗ ಹಿಡಿದರೆ ಶಾಖ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು. ನಿಲ್ಲಿಸಿ ಬಾನೆಟ್ ಎತ್ತಿದರೆ ಪೈಪು ದುಂಡಗೆ, ಸಭ್ಯವಾಗಿ ಕೂತಿರುತ್ತಿತ್ತು. ದುರುಗೇಶ್ ಥರ್ಮೋಸ್ಟಾಟ್ ಬದಲಿಸಿದ. ರೇಡಿಯೇಟರ್ ಬಿಚ್ಚಿ ತೊಳೆದ. ಫ್ಯಾನು ನೋಡಿದ, ಪಂಪು ನೋಡಿದ. ಪೈಪನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಏಕೆಂದರೆ ಅದು ಏಕಾಂತಪ್ಪನವರು ಆರಿಸಿದ ಪೈಪು. ಅನುಮಾನಪಡುವ ಪಟ್ಟಿಯಲ್ಲೇ ಅದು ಇರಲಿಲ್ಲ. ಮೂರನೆಯ ಸಲ, ಹಡಗಲಿಗೆ ಸೀಮಂತಕ್ಕೆ ಹೊರಟಿದ್ದ ಐವರು ಹೆಂಗಸರು ಹೊಗೆ ಕಂಡು ಬುಟ್ಟಿಗಳೊಂದಿಗೆ ಇಳಿದು ಬಸ್ಸು ಹತ್ತಿದರು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳೆದು ತಂದರು. ಬೇರೇನೂ ತೋಚದೆ ಹುಲುಗಪ್ಪ ಏಕಾಂತಪ್ಪನವರನ್ನೇ ಕರೆತಂದ. ಅವರ ಕೈ ಒಮ್ಮೆ ಎಂಜಿನ್ನಿನ ಮೇಲೆ ಆಡಿದರೆ ಸಾಕು ಎಂದು ಅವನಿಗನ್ನಿಸಿತ್ತು.

ಅವರು ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದರು. ಸುಕನ್ಯಾಳೂ ಜೊತೆಗಿದ್ದಳು. ಈಚೆಗೆ ಅವರನ್ನು ಒಬ್ಬರನ್ನೇ ಎಲ್ಲಿಗೂ ಕಳಿಸುತ್ತಿರಲಿಲ್ಲ. ನೀರು ತುಂಬಿ ಎಂಜಿನ್ ಚಾಲೂ ಮಾಡಿದರು. ಸ್ವಲ್ಪ ಹೊತ್ತು ಕಾಯಲು ಬಿಟ್ಟು, ಏಕಾಂತಪ್ಪನವರು ಕೈ ಎತ್ತಿ ಅಪ್ಪಣೆ ಕೊಟ್ಟರು: “ರೇಸ್ ಕೊಡು, ತಮ್ಮಾ. ಎಲ್ಲರೂ ನೋಡ್ರಿ.”

ದುರುಗೇಶ್ ರೇಸ್ ಕೊಟ್ಟ. ಎಲ್ಲರೂ ನೋಡಿದರು. ಹಲ್ಲಿಲ್ಲದವರು ಬೀಡಿ ಎಳೆದಾಗ ಕೆನ್ನೆ ಒಳಗೆ ಹೋಗುತ್ತದಲ್ಲ, ಹಾಗೆ ಆ ಪೈಪು ಎಲ್ಲರ ಕಣ್ಣೆದುರೇ ಚಪ್ಪಟೆಯಾಗಿ ಒಳಗೆ ಕುಸಿದು ನೀರಿನ ದಾರಿ ಮುಚ್ಚಿತು. ದುರುಗೇಶ್ ಕಾಲು ತೆಗೆದ. ಪೈಪು ಏನೂ ಆಗಿಲ್ಲವೆಂಬಂತೆ ಮತ್ತೆ ದುಂಡಗಾಯಿತು.

ಎಂಜಿನ್ ಆರಿಸಿ, ತಣಿದ ಮೇಲೆ ದುರುಗೇಶ್ ಪೈಪು ಬಿಚ್ಚಿ ಒರೆಸಿ ಅವರ ಕೈಗೆ ಕೊಟ್ಟ. ಅವರು ಒತ್ತಿದರು. ಮತ್ತೆ ಒತ್ತಿದರು. ಮಣಿಕಟ್ಟಿಗೆ ಒತ್ತಿ ನೋಡಿದರು. ಕೊನೆಗೆ, ಅಷ್ಟು ಜನರೆದುರು, ಕೆನ್ನೆಗೆ ಆನಿಸಿಕೊಂಡರು.

“ಮೆತ್ತಗೈತೇನೋ?” ಎಂದು ಕೇಳಿದರು. ಮೂವತ್ತನಾಲ್ಕು ವರ್ಷಗಳಲ್ಲಿ ಅವರು ಪೈಪಿನ ಬಗ್ಗೆ ಇನ್ನೊಬ್ಬರನ್ನು ಕೇಳಿದ ಮೊದಲ ಪ್ರಶ್ನೆ ಅದು.

“ಬಾಳ ಮೆತ್ತಗೈತ್ರಿ, ಸಾವ್ಕಾರ್ರ,” ಎಂದ ದುರುಗೇಶ್, ಬೇರೆ ಕಡೆ ನೋಡುತ್ತ.

ಎಂಜಿನ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಬೆರೆತಿತ್ತು. ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದಾಗ ಅದರ ಒಡಲಾದ ಬ್ಲಾಕೇ ಬಿರುಕು ಬಿಟ್ಟದ್ದು ಕಂಡಿತು. ಕಾರು ಗುಜರಿಗೆ ಹೋಯಿತು. ಹುಲುಗಪ್ಪ ಈಗ ಬೇರೆಯವರ ಗಾಡಿ ಓಡಿಸುತ್ತಾನೆ. ಅವನು ಬೈಯಲಿಲ್ಲ. ಬೈದಿದ್ದರೆ ಏಕಾಂತಪ್ಪನವರು ತಿರುಗಿ ಬೈಯುತ್ತಿದ್ದರು, ಒಂದು ವಾರ ಜಗಳದಲ್ಲಿ ಕಳೆಯುತ್ತಿತ್ತು. “ಗಾಡಿ ಹಳೇದು ಬಿಡ್ರಿ, ನೀವು ಏನ್ ಮಾಡ್ತೀರಿ,” ಎಂದು ಮಗುವಿಗೆ ಹೇಳುವಂತೆ ಹೇಳಿ ಹೋದ. ತಪ್ಪು ಹೊರಿಸುವುದಕ್ಕೂ ತಾವು ಲಾಯಕ್ಕಿಲ್ಲ ಎಂಬುದು ಅವರಿಗೆ ತಿಳಿಯಿತು.

ಹದಿನೈದು ದಿನದಲ್ಲಿ ಐದು ತಾಲೂಕಿಗೂ ಸುದ್ದಿ ಮುಟ್ಟಿತು. ಮೆಕ್ಯಾನಿಕ್ಕುಗಳು ಈಗ ಒಳಗೆ ಬಂದು, “ಆರಾಮಿದ್ದೀರೇನ್ರಿ?” ಎಂದು ಅವರನ್ನು ಕೇಳಿ, ಪೈಪನ್ನು ಸುಕನ್ಯಾಳ ಮುಂದಿಡುತ್ತಾರೆ. ಚೀಟಿಗಳು ಮತ್ತೆ ಬಂದಿವೆ. ಯಾರೂ ಕತ್ತರಿಸುವುದಿಲ್ಲ.

ಮೊನ್ನೆ ಹಲವಾಗಲಿನ ವೃದ್ಧರೊಬ್ಬರು ಬಂದರು. ಹೊಳೆದಂಡೆಯ ಆ ಊರಿಗೆ ಸುದ್ದಿ ತಲುಪಿರಲಿಲ್ಲ. ಮಗನ ಕಾರಿನ ಪೈಪು ಹೆಗಲ ಮೇಲಿತ್ತು, ಎರಡು ಬಸ್ಸು ಬದಲಿಸಿ ಬಂದಿದ್ದರು. ಅದನ್ನು ಏಕಾಂತಪ್ಪನವರ ಮುಂದೆಯೇ ಇಟ್ಟರು. ಸುಕನ್ಯಾ ಕೈ ಚಾಚಿದಾಗ ವೃದ್ಧರು ಅವಳನ್ನು ತಡೆದರು.

“ನಂಬರ್ ನೋಡಿ ಕೊಡೋರು ಹರಪನಹಳ್ಳ್ಯಾಗೂ ಅದಾರವ್ವ. ನಾನು ಇಷ್ಟು ದೂರ ಬಂದಿದ್ದು ಇವ್ರ ಕೈ ನಂಬಿ.”

ಏಕಾಂತಪ್ಪನವರು ಪೈಪನ್ನು ಎತ್ತಿಕೊಂಡರು. ಎರಡು ಬೆರಳು ಒಳಗೆ ಹೋದವು, ಹೆಬ್ಬೆರಳು ಹೊರಗೆ ಬಂದು ಕೂತಿತು. ಕಣ್ಣು ಮಾತ್ರ ಮುಚ್ಚಲಿಲ್ಲ. ಸೊಸೆ ನೋಡುತ್ತಿದ್ದಳು. ಬಹಳ ಹೊತ್ತು ಹಾಗೇ ಹಿಡಿದಿದ್ದು ಕೆಳಗಿಟ್ಟರು.

“ನನ್ನ ಬೆರಳು ಸತ್ತಾವ್ರಿ. ಏನೂ ತಿಳಿಯಂಗಿಲ್ಲ.”

ವೃದ್ಧರು ನಕ್ಕರು. ಏಕಾಂತಪ್ಪನವರು ನಗದಿದ್ದುದನ್ನು ನೋಡಿ ಅವರ ನಗು ಇಳಿಯಿತು.

“ಬಡವರ ಕೆಲ್ಸ ಬ್ಯಾಡ ಅಂದ್ರ ಬ್ಯಾಡ ಅನ್ರಿ. ಇಷ್ಟು ದೊಡ್ಡಸ್ತನ ಒಳ್ಳೇದಲ್ಲ,” ಎಂದು ಪೈಪನ್ನು ಹೆಗಲಿಗೇರಿಸಿಕೊಂಡು ಇಳಿದುಹೋದರು. ಏಕಾಂತಪ್ಪನವರು ಬದುಕಿಡೀ ಕೊಚ್ಚಿಕೊಂಡದ್ದನ್ನೆಲ್ಲ ಜನ ನಿಜವೆಂದು ನಂಬಿದ್ದರು. ಒಂದೇ ಒಂದು ಸಲ ತಗ್ಗಿ ನಿಜ ಹೇಳಿದ್ದು ಸೊಕ್ಕಾಯಿತು.

ಕೌಂಟರಿನ ಮೇಲಿದ್ದಾಗಲೇ ಹಳೆಯ ಪೈಪಿನ ನಂಬರು ಓದಿಕೊಂಡಿದ್ದ ಸುಕನ್ಯಾ ಅಷ್ಟರಲ್ಲಿ ಸರಿಯಾದ ಪೈಪನ್ನು ಗೋಡೆಯಿಂದ ತೆಗೆದು ಹಿಡಿದಿದ್ದಳು.

“ಕರೀಲೇನ್ರಿ, ಮಾವಾರ?”

“ಕರೀಬ್ಯಾಡ. ಸೊಕ್ಕು ಅಂತನ ತಿಳ್ಕೊಳ್ಲಿ.”

ವೃದ್ಧರು ಎದುರಿನ ಇನ್ನೊಂದು ಬಿಡಿಭಾಗಗಳ ಅಂಗಡಿಗೆ ಹೋಗಿ ನಿಂತರು. ಅಲ್ಲಿ ಗಾಡಿ ಯಾವ ವರ್ಷದ್ದೆಂದು ಕೇಳಿರಬೇಕು, ಗೊತ್ತಿಲ್ಲವೆಂದು ತಲೆಯಾಡಿಸಿ ಹೊರಬಂದರು. ಬಸ್ ನಿಲ್ದಾಣದ ಕಡೆ ನಡೆದರು. ಏಕಾಂತಪ್ಪನವರು ಕೂತಲ್ಲಿಂದಲೇ ನೋಡುತ್ತಿದ್ದರು. ವೃದ್ಧರು ಒಮ್ಮೆಯೂ ಅಂಗಡಿಯ ಕಡೆ ತಿರುಗಲಿಲ್ಲ.