ಇಪ್ಪತ್ನಾಲ್ಕು ಪಟ್ಟೆಯ ಅಂಗಿ

ಎಳೆ ಕಡಿದಿತ್ತು. ಕಟ್ಟಲು ಆಗಲಿಲ್ಲ.

ಶುಕ್ರವಾರ, ಬೆಳಿಗ್ಗೆ ಏಳು ಗಂಟೆ. ರಬಕವಿಯ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ಮೂರನೆಯದು ನಿಂತಿತ್ತು. ಕಡಿದ ಎಳೆಯ ಎರಡು ತುದಿ ಕೂಡಿಸಿ ಗಂಟು ಹಾಕುವುದು ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಕಲಿತ ಕೆಲಸ. ಕಣ್ಣು ಮುಚ್ಚಿಯೂ ಮಾಡಬಲ್ಲೆ. ಆ ದಿನ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಮುಟ್ಟಲಿಲ್ಲ. ಬೆರಳಿನ ಸಂದುಗಳಲ್ಲಿ ಯಾರೋ ಮರಳು ತುಂಬಿದ್ದರು.

"ಏನಾತಬೇ ಶಶಿ? ಒಂದ್ ಗಂಟ ಹಾಕಾಕ ಇಷ್ಟೊತ್ತೇನು?" ಮಗ್ಗಗಳ ಸದ್ದಿನ ಮೇಲೆ ಅಪ್ಪ ಕೂಗಿದ.

ನನಗೆ ಇಪ್ಪತ್ಮೂರು ವರ್ಷ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೇನೆ. ಯಾವ ಮಗ್ಗದಿಂದ ಯಾವ ದಿನ ಎಷ್ಟು ಸೀರೆ ಇಳಿದವು ಎಂದು ಬರೆದಿಡುವುದು ನನ್ನ ಕೆಲಸ. ಆ ಚಟಕ್ಕೇ ಡೈರಿಯಲ್ಲಿ ಕೈಗೂ ಒಂದು ಪುಟ ತೆರೆದೆ. ಮೊದಲ ದಿನ: ಬಲಗೈ, ಎರಡು ಬೆರಳು, ಮುಂಜಾನೆಯ ಬಿಗಿತ ನಲವತ್ತು ನಿಮಿಷ. ಮೂರು ವಾರಕ್ಕೆ ಎರಡೂ ಕೈ ಸೇರಿ ಆರು ಬೆರಳು, ತೊಂಬತ್ತು ನಿಮಿಷ. ಟೂತ್‌ಪೇಸ್ಟಿನ ಮುಚ್ಚಳ, ಚೂಡಿದಾರದ ಲಾಡಿ, ಬಚ್ಚಲಿನ ಚಿಲಕ ಒಂದೊಂದಾಗಿ ನನ್ನ ವೈರಿಗಳಾದವು.

ಮೊದಲು ತೋರಿಸಿದ ಡಾಕ್ಟರು ಕ್ಯಾಲ್ಸಿಯಂ ಬರೆದುಕೊಟ್ಟರು. ಎರಡನೆಯವರು ವಿಟಮಿನ್ ಡಿ. ಓಣಿಯವರು ಇಬ್ಬರಿಗಿಂತಲೂ ಧಾರಾಳ. ಅವರ ಸಲಹೆಗಳಿಗೂ ಒಂದು ಪುಟ ಇಟ್ಟೆ. ಬದನೆಕಾಯಿ ಬಿಡು ಎಂದವರು ಒಂಬತ್ತು ಜನ. ಎಕ್ಕೆ ಎಲೆ ಕಾಸಿ ಕಟ್ಟು ಎಂದವರು ಆರು. ಮೊಬೈಲು ಬಿಡು, ಹನ್ನೊಂದು. ಮದುವೆ ಮಾಡ್ರಿ ಎಲ್ಲಾ ಸರಿ ಹೋಗತೈತಿ, ನಾಲ್ಕು. ಎಷ್ಟು ನೋಯುತ್ತದೆ ಎಂದು ಕೇಳಿದವರು, ಸೊನ್ನೆ.

ಏಳು ತಿಂಗಳು ಹೀಗೆ ಹೋಯಿತು. ಕೊನೆಗೆ ತಿಂಗಳಿಗೊಮ್ಮೆ ಜಮಖಂಡಿಗೆ ಬರುವ ಕೀಲುರೋಗದ ಡಾಕ್ಟರು, ರುಮಟಾಲಜಿಸ್ಟ್ ಬಳಿ ಹೋದೆವು. ಅವರು ನನ್ನ ಡೈರಿ ತಿರುವಿ ನೋಡಿದರು. ಬೆರಳುಗಳನ್ನು ಒಂದೊಂದಾಗಿ ಒತ್ತಿದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು: ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್. ಸಂಜೆ ರಿಪೋರ್ಟ್ ಬಂತು.

ರುಮಟಾಯ್ಡ್ ಆರ್ಥ್ರೈಟಿಸ್.

"ನಿಮ್ಮ ಮೈನೇ ನಿಮ್ಮ ಕೀಲಿನ ಮ್ಯಾಲ ಜಗಳಕ್ಕ ಬಿದ್ದೈತ್ರಿ," ಎಂದರು ಡಾಕ್ಟರು. ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ಗುಳಿಗೆ. ಅದು ಕೆಲಸ ಶುರು ಮಾಡಲು ಎರಡು ಮೂರು ತಿಂಗಳು. ಅಲ್ಲಿಯವರೆಗೆ ಬಾವು, ನೋವು ತಡೆಯಲು ಸ್ಟೀರಾಯ್ಡ್, ಅದನ್ನೂ ಹಂತ ಹಂತವಾಗಿ ಇಳಿಸಬೇಕು. ಕೊನೆಗೆ ಪೆನ್ನು ಕೆಳಗಿಟ್ಟು ಕೇಳಿದರು, "ಮದುವಿ ಆಗೈತೇನ್ರಿ?"

"ಇಲ್ರಿ."

"ಈ ಗುಳಗಿ ನಡದಾಗ ಬಸಿರಾಗಬಾರದು. ಮದುವಿ ಗೊತ್ತಾದ್ರ ಮೊದಲ ನನಗ ತಿಳಸ್ರಿ. ಬ್ಯಾರೆ ಗುಳಗಿ ಅದಾವು, ಹೆದರೂದೇನಿಲ್ಲ."

ಅವ್ವನಿಗೆ ಕೊನೆಯ ಮಾತು ಕೇಳಿಸಲೇ ಇಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ಕಡೆ ನೋಡದೆ ಅಂದಳು, "ಯಾರರ ಕೇಳಿದ್ರ ಕೈ ಉಳುಕೇತಿ ಅನ್ನು."

"ಎರಡೂ ಕೈ ಉಳುಕ್ಯಾವೇನ?"

"ಎರಡೂ ಉಳುಕ್ಯಾವ. ಬಾಯಿ ಮುಚ್ಚು."

ಅಂದಿನಿಂದ ನಮ್ಮ ಮನೆಯಲ್ಲಿ ಆ ರೋಗಕ್ಕೆ ಹೆಸರಿಲ್ಲ. ಗುಳಿಗೆಯ ಡಬ್ಬಿ ಅಕ್ಕಿಯ ಡಬ್ಬಿಯ ಹಿಂದೆ ಹೋಯಿತು.

ಇದಾಗಿ ಒಂದು ತಿಂಗಳಿಗೆ ಮುಧೋಳದಲ್ಲಿ ನನ್ನ ವೈನಿ ಸವಿತಾ ಹೆತ್ತಳು. ಅಣ್ಣನ ಮೊದಲ ಮಗು, ಹೆಣ್ಣು. ವೈನಿ ಹೆರಿಗೆಗೆ ತವರಿಗೆ ಹೋಗಿದ್ದಳು. ಹದಿಮೂರನೆಯ ದಿನ ಅಲ್ಲೇ ತೊಟ್ಟಿಲು. ಸೋದರತ್ತೆ ನಾನು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳೂ ನಾನೇ, ಅದರ ಮೊದಲ ಹೊಸ ಅಂಗಿ ಒಯ್ಯುವವಳೂ ನಾನೇ. ನಾನು ಕೊಕ್ಕೆಸೂಜಿಯಿಂದ ಕ್ರೋಶಾ ಹಾಕುತ್ತೇನೆ. ವೈನಿ ಬಸಿರಾದಾಗಲೇ ಮಾತು ಕೊಟ್ಟಿದ್ದೆ, ಹಸಿರು ಬಿಳಿ ಪಟ್ಟೆಯ ಅಂಗಿ ಹೆಣೆದು ತರುತ್ತೇನೆ ಎಂದು. ಆದರೆ ಕೂಸು ಹುಟ್ಟುವ ಮುಂಚೆ ಹೊಸ ಅರಿವೆ ಮಾಡಬಾರದು ನಮ್ಮಲ್ಲಿ. ಹುಟ್ಟಿದ ಕೂಸನ್ನೂ ಮೊದಲು ಹಳೆಯ ಸೀರೆಯ ಚೂರಿನಲ್ಲೇ ಸುತ್ತುತ್ತಾರೆ. ಹೀಗಾಗಿ ಕೈ ಚೆನ್ನಾಗಿದ್ದ ದಿನಗಳಲ್ಲಿ ಸೂಜಿ ಮುಟ್ಟುವ ಹಾಗಿರಲಿಲ್ಲ. ಮುಟ್ಟಬಹುದಾದ ದಿನಗಳು ಬಂದಾಗ ಕೈ ಇರಲಿಲ್ಲ.

ಹೆರಿಗೆಯಾದ ಮರುದಿನ ವೈನಿ ಫೋನ್ ಮಾಡಿದಳು. "ಕೈ ಉಳುಕೇತಂತ? ಬಿಡವಾ ಶಶಿ, ಅಂಗಡ್ಯಾಗ ಛಲೋ ಛಲೋ ಸಿಗತಾವ."

ಕಾಳಜಿಯಿಂದಲೇ ಹೇಳಿರಬೇಕು. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ಎಂಟು ತಿಂಗಳಿನಿಂದ ಎಲ್ಲರೂ ಬಿಡು ಎಂದೇ ಹೇಳುತ್ತಿದ್ದರು. ಮಗ್ಗದ ಗಂಟು ಬಿಟ್ಟೆ. ರೊಟ್ಟಿ ಬಡಿಯುವುದು ಬಿಟ್ಟೆ. ಜಡೆ ಬಿಟ್ಟು ಕೂದಲು ಕತ್ತರಿಸಿಕೊಂಡೆ. ಇದನ್ನೂ ಬಿಟ್ಟರೆ ಈ ಕೈಗಳು ಇನ್ನು ನನ್ನವಲ್ಲ.

ಲೆಕ್ಕ ಹಾಕಿದೆ. ಹನ್ನೆರಡು ದಿನ, ದಿನಕ್ಕೆ ಎರಡು ಪಟ್ಟೆ, ಒಟ್ಟು ಇಪ್ಪತ್ನಾಲ್ಕು. ಪಟ್ಟೆಗೆ ನಾಲ್ಕು ಸಾಲು, ಸಾಲಿಗೆ ನಲವತ್ತೆರಡು ಕುಣಿಕೆ. ಒಟ್ಟು ನಾಲ್ಕು ಸಾವಿರದ ಮೂವತ್ತೆರಡು. ಒಂದೇ ಉದ್ದನೆಯ ತುಂಡು: ಮುಂದಿನ ಅಂಚಿನಿಂದ ಭುಜದವರೆಗೆ ಹನ್ನೆರಡು ಪಟ್ಟೆ, ನಡುವೆ ಕುತ್ತಿಗೆಗೆ ಸೀಳು, ಅಲ್ಲಿಂದ ಬೆನ್ನಿನ ಮೇಲೆ ಇಳಿದು ಇನ್ನು ಹನ್ನೆರಡು. ಪಕ್ಕಗಳಿಗೆ ಲಾಡಿ. ಮಗ್ಗದಲ್ಲಿ ಉಳಿದ ಹತ್ತಿಯ ನೂಲನ್ನೇ ನಾಲ್ಕೆಳೆ ಕೂಡಿಸಿಕೊಂಡೆ.

ಟೇಪು ಹಿಡಿದು ಅಳೆಯಬೇಕೆಂದು ನನಗೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಮಗ್ಗದಲ್ಲಿ ಎಳೆ ಎಣಿಸಿದರೆ ಸಾಕು. ಜಗ್ಗಿ ಹಿಡಿಯುವ ಕೆಲಸ ಯಂತ್ರದ್ದು, ಆದ್ದರಿಂದ ಎಣಿಕೆಯೇ ಅಳತೆ. ನೇಯ್ದ ಸೀರೆಯನ್ನು ಯಾರೂ ನಡುವೆ ಬಿಚ್ಚಿ ನೋಡುವುದಿಲ್ಲ. ಅದು ನೇಯ್ದಂತೆ ದಿಂಡಿಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಇಳಿಸಿದ ದಿನವೇ ಕಣ್ಣಿಗೆ ಬೀಳುವುದು. ನಾನೂ ಹೆಣೆದಷ್ಟನ್ನು ಸುರುಳಿ ಸುತ್ತಿ, ಬಿಳಿ ಅರಿವೆಯಲ್ಲಿ ಕಟ್ಟಿ ಇಟ್ಟೆ.

ಮೊದಲ ದಿನ: ಅರವತ್ತು ನಿಮಿಷ ಬಿಗಿತ, ಎರಡು ಪಟ್ಟೆ. ಎರಡನೆಯ ದಿನ: ಐವತ್ತೈದು, ಎರಡು. ಸ್ಟೀರಾಯ್ಡ್ ಇನ್ನೂ ಮೈಯಲ್ಲಿತ್ತು. ಸೂಜಿಯ ಹಿಡಿಗೆ ಅರಿವೆ ಸುತ್ತಿ ದಪ್ಪ ಮಾಡಿಕೊಂಡಿದ್ದೆ. ನೋವಿತ್ತು, ಆದರೆ ನಾನು ಹೇಳಿದ ಮಾತು ಕೈ ಕೇಳುತ್ತಿತ್ತು.

ಆರನೆಯ ದಿನ ಸ್ಟೀರಾಯ್ಡ್ ಅರ್ಧಕ್ಕಿಳಿಸಬೇಕಿತ್ತು. ಇಳಿಸಿದೆ. ಒಂದು ವಾರ ಮುಂದೂಡಬಹುದೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಚೀಟಿಯಲ್ಲಿ ಬರೆದದ್ದನ್ನು ಮೀರುವ ಸ್ವಭಾವ ನನ್ನದಲ್ಲ.

ಏಳನೆಯ ದಿನ: ನೂರಾ ಹತ್ತು ನಿಮಿಷ.

ಮಣಿಕಟ್ಟು ಊದಿತು. ಮಧ್ಯಾಹ್ನ ಮೂರರ ತನಕ ಸೂಜಿ ಹಿಡಿಯಲು ಬರುತ್ತಿರಲಿಲ್ಲ. ನೂಲು ಬೆರಳಿನಿಂದ ಜಾರುತ್ತಿತ್ತು. ಒಂದು ಕುಣಿಕೆ ಹಾಕಿ ಉಸಿರು ಬಿಟ್ಟು, ಇನ್ನೊಂದು ಹಾಕುತ್ತಿದ್ದೆ. ಅಕ್ಕಪಕ್ಕದವರು ಬಂದು "ಇನ್ನೂ ಕಮ್ಮಿ ಆಗಿಲ್ಲೇನಬೇ ಉಳುಕು?" ಎಂದು ಕೇಳಿದರೆ ಸೂಜಿಯನ್ನು ಅವರ ಕಡೆ ಎಸೆಯಬೇಕೆನಿಸುತ್ತಿತ್ತು. ಎಸೆಯುವುದಕ್ಕೂ ಕೈ ಬೇಕಲ್ಲ.

"ಸಾಕ ಮಾಡು," ಎಂದಳು ಅವ್ವ ಹತ್ತನೆಯ ದಿನ. "ಮುಧೋಳದಾಗ ಇಳದ ಕೂಡ್ಲೆ ಒಂದು ರೆಡಿಮೇಡ್ ತಗೊಂಡ್ರಾತು. ಯಾರ್ ಕೇಳತಾರ?"

"ನಾ ಕೇಳತೇನಿ," ಎಂದೆ.

ಅವ್ವ ತಾಟನ್ನು ನೆಲಕ್ಕೆ ಕುಕ್ಕಿ ಒಳಗೆ ಹೋದಳು. ಅಷ್ಟು ದಿನ ತನ್ನ ಕೈಯಿಂದ ನನಗೆ ರೊಟ್ಟಿ ಮುರಿದು ಹಾಕುತ್ತಿದ್ದವಳೂ ಅವಳೇ. ಅದನ್ನೂ ಆಗ ನಾನು ಕ್ಷಮಿಸಿರಲಿಲ್ಲ.

ಹನ್ನೆರಡನೆಯ ದಿನ ಸಂಜೆ ಆರಕ್ಕೆ ನಾಲ್ಕು ಸಾವಿರದ ಮೂವತ್ತೆರಡನೆಯ ಕುಣಿಕೆ ಬಿತ್ತು. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು.

ಹದಿಮೂರನೆಯ ದಿನ ಬೆಳಿಗ್ಗೆ ಲಾಡಿ ಹಚ್ಚಲು ಸುರುಳಿ ಬಿಚ್ಚಿದೆ.

ಅಂಗಿಯ ಮುಂಭಾಗ ಕೂಸಿನದು. ಹಿಂಭಾಗ ಆರು ತಿಂಗಳು ತುಂಬಿದ ಮಗುವಿನದು.

ನಾಲ್ಕು ಬೆರಳು ಅಗಲ ಹೆಚ್ಚು, ಐದು ಬೆರಳು ಉದ್ದ ಹೆಚ್ಚು. ಮತ್ತೆ ಎಣಿಸಿದೆ. ಆ ಕಡೆ ಹನ್ನೆರಡು, ಈ ಕಡೆ ಹನ್ನೆರಡು. ಎಲ್ಲ ಸಾಲಿನಲ್ಲೂ ನಲವತ್ತೆರಡು. ಮೂರನೆಯ ಸಲ ಎಣಿಸುತ್ತಿದ್ದಾಗ ಅಪ್ಪ ಬಂದು ಪಕ್ಕದಲ್ಲಿ ಕುಳಿತ. ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು, ಸೀರೆಯಲ್ಲಿ ಕುಂದು ಹುಡುಕುವ ಹಾಗೆ ಅಂಚಿನಿಂದ ಬೆರಳಾಡಿಸುತ್ತಾ ಹೋದ. ಹದಿಮೂರನೆಯ ಪಟ್ಟೆಯ ಮೇಲೆ ಬೆರಳು ನಿಂತಿತು.

"ಲೆಕ್ಕ ಬರೋಬರಿ ಐತಿ," ಎಂದ. "ಇಲ್ಲಿಂದ ಜಗ್ಗು ಹೋಗೇತಿ, ಕುಣಿಕಿ ಸಡ್ಲ ಬಿದ್ದಾವ."

ಹದಿಮೂರನೆಯ ಪಟ್ಟೆ ಎಂದರೆ ಏಳನೆಯ ದಿನ. ನಾನು ಡೈರಿ ತೆರೆದು ಆ ಪುಟವನ್ನು ಅವನ ಮುಂದೆ ಹಿಡಿದೆ. ಅಪ್ಪ ಓದಿದ. ರೋಗದ ಹೆಸರನ್ನೂ ಓದಿದ. ಎದ್ದುಹೋಗಿ ನಾಲ್ಕೂ ಮಗ್ಗ ಬಂದ್ ಮಾಡಿದ. ಮೊದಲ ಸಲ ಮನೆ ಅಷ್ಟು ನಿಶ್ಶಬ್ದವಾದದ್ದು. ಆಮೇಲೆ ಒಳಗಿನಿಂದ ಅವನ ದನಿ ಬಂತು, "ಅದನ್ನ ತಗೊಂಡ ನಡೀರಿ."

ಮುಧೋಳದಲ್ಲಿ ತೊಟ್ಟಿಲ ಸುತ್ತ ಹದಿನೆಂಟು ಹೆಂಗಸರಿದ್ದರು. ವೈನಿಯ ತಾಯಿ ಅಂಗಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. ಮುಂದೆ ನೋಡಿದರು, ಹಿಂದೆ ನೋಡಿದರು.

"ಇದೇನ್ರಿ ಅಕ್ಕಾರ, ಮುಂದ ಕೂಸಿಗೆ ಮಾಡ್ಯಾಳ, ಹಿಂದ ಕೂಸಿನ ಅವ್ವಗೇನ್ರಿ?"

ಎಲ್ಲರೂ ನಕ್ಕರು. ಒಬ್ಬಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳಿದಳು, "ಎರಡೂ ಕೈ ಒಮ್ಮೆಲೆ ಹೆಂಗ್ ಉಳುಕ್ತಾವ್ರೀ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಎದ್ದು ನಿಂತಿದ್ದಳು.

"ಉಳುಕಲ್ರಿ ಅದು. ಆಕಿಗೆ ಸಂಧಿವಾತ ಐತಿ. ಜಲ್ಮ ಪೂರ್ತಿ ಇರೂದು. ಮುಂಜಾನೆದ್ದು ಎರಡು ತಾಸು ಬೆರಳ ಮಡಚಾಕ ಬರೂದಿಲ್ಲ. ಆ ಕೈಲೆ ಹೆಣದಾಳ್ರಿ ಇದನ್ನ. ಈಗ ನಗ್ರಿ, ಯಾರ್ ನಗತೀರಿ."

ಯಾರೂ ನಗಲಿಲ್ಲ. ಒಂದೂವರೆ ತಿಂಗಳು ಅಕ್ಕಿಯ ಡಬ್ಬಿಯ ಹಿಂದೆ ಮುಚ್ಚಿಟ್ಟಿದ್ದನ್ನು ಅವ್ವ ಬೀಗರ ಮನೆಯಲ್ಲಿ ತಾನೇ ತಂದು ಸುರಿದಿದ್ದಳು.

"ಕೂಸ ಬರೀಮೈಲೆ ಐತಿ, ಮೊದಲ ಹಾಕ್ರಿ ಅದನ್ನ," ಎಂದು ವೈನಿ ತನ್ನ ತಾಯಿಯ ಕೈಯಿಂದ ಅಂಗಿ ಕಿತ್ತುಕೊಂಡಳು. ಕೂಸಿಗೆ ತೊಡಿಸಿ, ಬೆನ್ನ ಕಡೆ ಹೆಚ್ಚಾದದ್ದನ್ನು ಎರಡೂ ಪಕ್ಕದಿಂದ ಎಳೆದು ಹೊಟ್ಟೆಯ ಮೇಲೆ ಮಡಚಿ, ಲಾಡಿ ಕಟ್ಟಿದಳು. ಕೂಸು ಅಳು ನಿಲ್ಲಿಸಿ ಸೀನಿತು.

ಹೆಸರು ಹೇಳಲು ನಾನು ತೊಟ್ಟಿಲಿಗೆ ಬಾಗಿದೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಗುದ್ದು ಜೋರಾದಷ್ಟೂ ನಗು ಜಾಸ್ತಿ. ಬಾಗಿ ಕಾದೆ. ಗುದ್ದು ಬೀಳಲಿಲ್ಲ. ಯಾರೋ ಇಬ್ಬರು ದೇವರ ಮೂರ್ತಿ ಒರೆಸಿದ ಹಾಗೆ ನನ್ನ ಬೆನ್ನು ಸವರಿದರು. ನಕ್ಕಾಗ ಬಾರದ ಸಿಟ್ಟು ಆಗ ನೆತ್ತಿಗೇರಿತು.

"ಗುದ್ದ್ರಿ! ಬೆನ್ನಿಗೇನಾಗಿಲ್ಲ," ಎಂದೆ ಬಾಗಿದಲ್ಲಿಂದಲೇ.

ಒಂದೇ ಗುದ್ದು ಬಿತ್ತು, ಉಸಿರು ನಿಲ್ಲುವಂಥದ್ದು. ಮೂಗು ತೊಟ್ಟಿಲಿನ ಹಲಗೆಗೆ ಬಡಿಯಿತು. ತಿರುಗಿ ನೋಡಿದರೆ ವೈನಿಯ ತಾಯಿ.

"ಸಾಕೇನವಾ?" ಎಂದು ಕೇಳಿದರು.

ಸಾಕಾಗಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ.

ಈಗ ಕೂಸಿಗೆ ಐದು ತಿಂಗಳು. ವೈನಿ ರಬಕವಿಗೆ ಮರಳಿದ್ದಾಳೆ. ರಕ್ತದಲ್ಲಿ ಉರಿಯೂತ ತೋರಿಸುವ ನನ್ನ ಇಎಸ್‌ಆರ್ ಇಳಿದಿದೆ. ಮಂಗಳವಾರದ ಗುಳಿಗೆಗೆ ಬುಧವಾರವಿಡೀ ವಾಕರಿಕೆ. ನಡೆಯುತ್ತಿದ್ದ ಒಂದು ಸಂಬಂಧದ ಮಾತು ಮುಧೋಳದ ಸುದ್ದಿ ಮುಟ್ಟಿದ ವಾರದಲ್ಲೇ ನಿಂತಿತು. ಅವ್ವ ಎರಡು ದಿನ ಅತ್ತಳು, ಮೂರನೆಯ ದಿನ ಗುಳಿಗೆಯ ಡಬ್ಬಿಯನ್ನು ದೇವರಮನೆಯ ಜಗಲಿಯ ಮೇಲೆ ದೇವರ ಪಕ್ಕಕ್ಕೆ ತಂದಿಟ್ಟಳು. ರೋಗ ನನಗೆ ಏನೋ ಕಲಿಸಿತು ಎಂದು ಬರೆಯಲಾರೆ. ಅದು ಕೊಡುವುದಕ್ಕೆ ಬಂದದ್ದಲ್ಲ. ಗುಳಿಗೆ ಕೆಲಸ ಮಾಡುತ್ತಿದೆ, ಅಷ್ಟಕ್ಕೆ ಋಣಿ.

ಹೋದ ಭಾನುವಾರ ಕೂಸಿಗೆ ಅಂಗಿ ಹಾಕಿ ನೋಡಿದೆವು. ಕೈ ಚೆನ್ನಾಗಿದ್ದಾಗ ಹೆಣೆದ ಮುಂಭಾಗ ಹೊಟ್ಟೆಗೆ ಸಾಲದಾಗಿದೆ. ಕೈ ಕೆಟ್ಟಾಗ ಹೆಣೆದ ಬೆನ್ನು ಈಗ ಸರಿಯಾಗಿ ಕೂರುತ್ತದೆ.

ಅಪ್ಪನ ಕೈಯಿಂದ ಕತ್ತರಿ ತೆಗೆದುಕೊಂಡು ಭುಜದ ಮೇಲೆ ಕತ್ತರಿಸಿದೆ. ಮುಂಭಾಗದ ಹನ್ನೆರಡೂ ಪಟ್ಟೆ ಬಿಚ್ಚಿದೆ. ಬೆನ್ನಿಗೆ ಹೊಂದುವಂತೆ ಮತ್ತೆ ಹೆಣೆಯುತ್ತಿದ್ದೇನೆ. ಬೆರಳುಗಳು ಈಗ ನೂಲನ್ನು ಬಿಗಿಯಾಗಿಯೇ ಹಿಡಿಯುತ್ತವೆ. ಬೆನ್ನಿನಷ್ಟು ಸಡಿಲ ಬಿಡುವುದನ್ನು ಅವಕ್ಕೆ ಹೇಳಿಕೊಡಬೇಕಾಗಿದೆ.

ಇವತ್ತು: ಇಪ್ಪತ್ತೈದು ನಿಮಿಷ. ಒಂದು ಪಟ್ಟೆ. ಟೇಪು ಹಿಡಿದು ಅಳೆದೆ.