ಬಿರುಕಿನ ಲೆಕ್ಕಕ್ಕೆ ಯಾರ ಮೊಳ

ದೊಡ್ಡಾಕಿ, ಸಣ್ಣಾವ, ನಿಮ್ಮ ಅವ್ವ, ಅಂದರೆ ನನ್ನ ಮಗಳು, ಕಂಪ್ಯೂಟರಿನ ಮುಂದೆ ಕುಳಿತು ಏನು ಮಾಡುತ್ತಾಳೆಂದು ಕೇಳಿದ್ದಿರಿ. ನನಗೆ ತಿಳಿದಷ್ಟು ಬರೆದಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚಿಕೆ. ಹಾಳೆಯ ಮುಂದೆ ಅಷ್ಟಿಲ್ಲ.

ಹಳೆಯ ಸೇತುವೆಯ ಕಾಂಕ್ರೀಟ್ ತೊಲೆಗೆ ಬಲ ಸಾಲದಿದ್ದರೆ ಕೆಳಗಿನಿಂದ ಉಕ್ಕಿನ ಪಟ್ಟಿ ಅಂಟಿಸುತ್ತಾರಂತೆ. ಎರಡರ ನಡುವೆ ಕೂದಲೆಳೆಯಂಥ ಬಿರುಕು ಬಿದ್ದರೆ ಅದು ಅಲ್ಲೇ ನಿಲ್ಲುತ್ತದೋ, ಮುಂದೆ ಓಡುತ್ತದೋ? ಅದನ್ನು ತಿಳಿಯಲು ಬಿರುಕಿನ ತುದಿಯಲ್ಲಿ ಒತ್ತಡ ಎಷ್ಟು ತೀವ್ರವಾಗಿದೆ ಎಂದು ನಿಮ್ಮ ಅವ್ವ ಲೆಕ್ಕ ಹಾಕುತ್ತಾಳೆ. ಅವಳ ಪಿಎಚ್‌ಡಿ ಅದೇ.

ಕಳೆದ ದೀಪಾವಳಿಗೆ ಇಲ್ಲಿ ದೊಡವಾಡಕ್ಕೆ ನನ್ನ ಮನೆಗೆ ಬಂದಾಗ ಅವಳ ಮುಖ ಸಪ್ಪಗಿತ್ತು. ಎಲ್ಲರೂ ನಂಬುವ ಪುಸ್ತಕದ ಲೆಕ್ಕವೊಂದನ್ನು ತನ್ನ ಪದ್ಧತಿಯಿಂದ ಮಾಡಿ ನೋಡಿದ್ದಳು. ಒತ್ತಡದ ಒಟ್ಟು ಸರಿ ಬಂತು. ಆದರೆ ಅದರಲ್ಲಿ ಬಿರುಕು ಬಾಯಿ ತೆರೆಯುವುದೆಷ್ಟು, ಪಕ್ಕಕ್ಕೆ ಜಾರುವುದೆಷ್ಟು ಎಂಬ ಪಾಲು ಹೊಂದಲಿಲ್ಲ. ಸೋಮವಾರ ಧಾರವಾಡದಲ್ಲಿ ಗುರುಗಳಿಗೆ ತೋರಿಸಬೇಕು. ಹೊಂದದಿದ್ದರೆ ಮಾಡಿದ್ದೆಲ್ಲ ಬಿಟ್ಟು ಮೊದಲಿನಿಂದ.

ನಾನು ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಿದ್ದೆ. ಎರಡು ಮೊಳ ಹಳೆಯ ಸೀರೆ ಹರಿದು ಕೊಡು ಎಂದೆ. ಅವಳು ಅಳೆದು ಹರಿದದ್ದು ಉದ್ದವಾಯಿತು.

"ನಿಮ್ಮಪ್ಪನ ಉದ್ದನ್ನ ಕೈ ಬಂದೈತಿ ನಿನಗ. ಅರ್ಧಾ ಸೀರಿ ಹರದಿ."

"ಎರಡಾ ಮೊಳ ಐತಿ ಬೇ. ಮೊಳ ನಂದು."

ಮರುದಿನ ಮಧ್ಯಾಹ್ನ ನಗುತ್ತ ಬಂದಳು. "ಯವ್ವಾ, ನಿನ್ನಿ ಸೀರಿ ಆದಂಗ ಆಗೇತಿ. ಪುಸ್ತಕದಾವರು ಅವರ ಮೊಳದಾಗ ಅಳದಾರ, ನಾ ನನ್ನ ಮೊಳದಾಗ."

ಒಂದೇ ವಸ್ತು ಬಿರಿದರೆ ಈ ತೊಡಕಿಲ್ಲವಂತೆ. ಬೇರೆ ಬೇರೆ ಎರಡು ಅಂಟಿದಲ್ಲಿ, ತುದಿಯಿಂದ ಎಷ್ಟು ದೂರದಲ್ಲಿ ನೋಡುತ್ತೇವೆಯೋ ಅದರಂತೆ ಪಾಲು ಬದಲಾಗುತ್ತದೆ. ಪುಸ್ತಕದ ಅಳತೆ ಇಟ್ಟು ಮತ್ತೆ ಮಾಡಿದ್ದಳು. ಹೊಂದಿತ್ತು.

ನನ್ನ ಕೌದಿಯಲ್ಲಿ ಮೆತ್ತನೆಯ ಸೀರೆಗೆ ಕುಪ್ಪಸದ ಗಟ್ಟಿ ಖಣ ಕೂಡಿಸಿದ ಹೊಲಿಗೆ ಹಿಡಿದು, "ನೆಟ್ಟಗ ಎಳಿ ನೋಡು" ಎಂದಳು. ನೆಟ್ಟಗೇ ಎಳೆದೆ. ಖಣ ಬಿಗಿದು ನಿಂತಿತು, ಸೀರೆ ಜಗ್ಗಿ ಸಣ್ಣಗಾಯಿತು. ಹೊಲಿಗೆ ಬಾಯಿ ತೆರೆಯುತ್ತಲೇ ಅಡ್ಡಕ್ಕೂ ಸರಿಯಿತು. ಇಷ್ಟು ಕೌದಿ ಹೊಲಿದ ನಾನು ಇದನ್ನು ಕಂಡಿರಲಿಲ್ಲ. ಅವಳು ಕಣ್ಣಿಗೆ ಕಾಣದ ಕಡೆ, ಬರೀ ಅಂಕಿಗಳಲ್ಲಿ ಕಂಡಿದ್ದಳು.

ಸೋಮವಾರ ಗುರುಗಳು ಒಪ್ಪಿದರು.

ಮೊನ್ನೆ ಕಿತ್ತೂರಿಗೆ ಹೋಗುವಾಗ ಸೇತುವೆ ಬಂತು. ನಮ್ಮ ಬಸ್ಸಿನ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್. ಇಷ್ಟು ಭಾರ ಹೊತ್ತು ಸೇತುವೆಯ ಕೆಳಗೆ ಕೂಡಿಕೊಂಡೇ ಇರುವುದನ್ನೆಲ್ಲ ನೆನೆದು ಕೈ ಮುಗಿದೆ.

"ಇಲ್ಲಿ ಯಾವ ಗುಡಿ ಐತ್ರಿ?" ಎಂದಳು ಪಕ್ಕದಲ್ಲಿ ಕುಳಿತಾಕಿ.

ಅವಳಿಗೆ ಹೇಳಲು ನಾಚಿಕೆಯಾಯಿತು. ನಿಮಗೆ ಹೇಳಿದ್ದೇನೆ. ಈ ಹಾಳೆಗಳನ್ನು ಇದರ ಜೊತೆ ಕಳಿಸಿದ ಆ ಕೌದಿಯ ಮಡಿಕೆಯಲ್ಲೇ ಇಟ್ಟುಕೊಳ್ಳಿರಿ. ಒಗೆಯುವ ಮುಂಚೆ ಮರೆಯದೆ ತೆಗೆಯಿರಿ.