ಬಿಚ್ಚದೆ ಬಿಟ್ಟ ಡಬ್ಬಿ

ಬೈಕು ಮಾರಲೇಬೇಕಾಗಿ ಬಂದದ್ದು ನನ್ನ ಸೊಂಟದ ದೆಸೆಯಿಂದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮುಂದಕ್ಕೆ ಬಗ್ಗಿ ಓಡಿಸೋ ಗಾಡಿ ಇನ್ನು ಬೇಡ, ಸ್ಕೂಟರ್ ತಗೊಳ್ಳಿ" ಅಂದರು. ಸೊಂಟಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆಯತೊಡಗಿದ್ದು ಮದುವೆಗೆ ಮುಂಚೆ ಆಸೆಪಟ್ಟು ಬೈಕಿಗೆ ಹಾಕಿಸಿದ್ದ ಎರಡು ಸಾಮಾನುಗಳ ಚಿಂತೆ. ಒಂದು, ಗುಡುಗುವ ಸೈಲೆನ್ಸರ್. ಇನ್ನೊಂದು, ಸೀಟಿನ ಕೆಳಗೆ ವೈರುಗಳ ನಡುವೆ ಅಡಗಿ ಕೂತಿದ್ದ ಕರಿ ಡಬ್ಬಿ. ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಹರಿಸಿ ಗಾಡಿ ಚಿಮ್ಮುವಂತೆ ಮಾಡುವುದು ಅದರ ಕೆಲಸ.

ಮಾರುವ ಮುಂಚೆ ಇವನ್ನು ಬಿಚ್ಚಬೇಕೋ ಬೇಡವೋ?

ಗೋವಿಂದರಾಜನಗರದ ನನ್ನ ಮೆಕ್ಯಾನಿಕ್ ಫೋನಿನಲ್ಲೇ ಹೇಳಿದ: "ಎರಡೂ ಬಿಚ್ಬಿಡಿ ಸಾರ್. ಕಂಪನಿಯಿಂದ ಬಂದಂಗೆ ಕೊಟ್ರೆ ತಲೆನೋವಿಲ್ಲ. ನಾನು ಮದುವೆಗೆ ಊರಿಗೆ ಬಂದಿದೀನಿ, ಬುಧವಾರ ಬಿಚ್ಕೊಡ್ತೀನಿ." ನಾನು ಕೆಲಸ ಮಾಡುವ ರಕ್ತಪರೀಕ್ಷೆ ಲ್ಯಾಬಿನ ಗೆಳೆಯ, "ಹಾಗೇ ಬಿಡು ಮಗಾ, ಅದನ್ನ ನೋಡೇ ತಗೊಳ್ಳೋರು ಇರ್ತಾರೆ" ಅಂದ. ಹೆಂಡತಿಯದು ಒಂದೇ ಮಾತು: "ಮೊದಲು ಆ ಸದ್ದು ತೆಗೀರಿ. ಕೆಳಗಡೆ ಓನರ್ ಆಂಟಿ ಮುಖ ನೋಡೋಕಾಗಲ್ಲ ನಂಗೆ."

ನಾನು ಅರ್ಧ ಕೆಲಸ ಮಾಡಿದೆ. ಸೈಲೆನ್ಸರ್ ಕಣ್ಣಿಗೆ ಕಾಣುವಂಥದ್ದು, ಪೊಲೀಸರು ಹಿಡಿಯುವಂಥದ್ದು. ಅದನ್ನು ಬಿಚ್ಚಿ, ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಹಳೆಯದನ್ನು ಹಾಕಿದೆ. ವೈರಿನ ಕೆಲಸ ನನ್ನ ಕೈಗೆ ಹತ್ತುವುದಲ್ಲ. ಸೀಟು ಎತ್ತಿ ಯಾರು ನೋಡುತ್ತಾರೆ ಎಂದು ಡಬ್ಬಿಯನ್ನು ಹಾಗೇ ಬಿಟ್ಟೆ.

ಶನಿವಾರ ಬೆಳಿಗ್ಗೆ ಪೆಟ್ರೋಲ್ ಬಂಕಿಗೆ ಹೋಗುವಾಗ, ರಸ್ತೆಯ ಹಂಪಿನ ಹತ್ತಿರ ನಿಧಾನ ಮಾಡಿದ್ದೇ ತಡ, ಗಾಡಿ ಒಮ್ಮೆ ಮುಗ್ಗರಿಸಿ ಮುಂದಕ್ಕೆ ನೆಗೆಯಿತು. ಹಸಿ ಪೆಟ್ರೋಲಿನ ವಾಸನೆ ಬಂತು. ಡಬ್ಬಿಯನ್ನು ಹೊಂದಿಸಿದ್ದದ್ದು ಆ ದೊಡ್ಡ ಸೈಲೆನ್ಸರಿಗೆ. ಅದಿಲ್ಲದೆ ಎಂಜಿನ್ ತಬ್ಬಿಬ್ಬಾಗಿತ್ತು. ಅಲ್ಲೇ ನನಗೆ ಅರ್ಥವಾಯಿತು. ಬುಧವಾರದವರೆಗೆ ಯಾರಿಗೂ ತೋರಿಸಬಾರದು ಅಂದುಕೊಂಡೆ. ಆದರೆ ನಾನು ಆಗಲೇ ಹಾಕಿದ್ದ ಜಾಹೀರಾತು ನೋಡಿ ಸಂಜೆ ಒಬ್ಬರ ಫೋನ್ ಬಂತು. "ನಾಳೆ ಬಂದು ನೋಡ್ಲಾ?" ಎಂದು ಕೇಳಿದಾಗ, ಬನ್ನಿ ಅಂದುಬಿಟ್ಟೆ.

ಬಂದವರು ನಲವತ್ತು ದಾಟಿದ ಹೆಂಗಸು. ಕುರುಬರಹಳ್ಳಿಯವರು, ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವರು. "ನಾನು ಕಲ್ತಿದ್ದೇ ಅಪ್ಪನ ಬೈಕಲ್ಲಿ ಸಾರ್. ಸ್ಕೂಟರ್ ಕೈಗೆ ಬರಲ್ಲ" ಎಂದು ನಕ್ಕರು. ಟೈರು, ಚೈನು ಎಲ್ಲ ಬಗ್ಗಿ ನೋಡಿ, "ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ" ಅಂದರು.

"ಏನಿಲ್ಲ ಮೇಡಂ. ಪಿಕಪ್ ಸ್ವಲ್ಪ ಜಾಸ್ತಿ, ಅಷ್ಟೇ."

ಅವರು ತಮ್ಮ ಬ್ಯಾಗನ್ನು ನನ್ನ ಕೈಗಿತ್ತರು. "ಫೋನೂ ಇದರಲ್ಲೇ ಇದೆ. ನಾನು ಗಾಡಿ ತಗೊಂಡು ಓಡಿಹೋದ್ರೆ ಇಟ್ಕೊಳ್ಳಿ."

ಅವರು ಗಾಡಿ ಓಡಿಸಿ ನೋಡಲು ಹೊರಟು ಹತ್ತು ನಿಮಿಷವಾಯಿತು. ಕಾಲು ಗಂಟೆಯಾಯಿತು. ಗೇಟಿನ ಬಳಿ ನಿಂತು ಪ್ರತಿ ಬೈಕಿನ ಸದ್ದಿಗೂ ಕಿವಿಗೊಡುತ್ತಿದ್ದೆ. ಬ್ಯಾಗಿನೊಳಗೆ ಫೋನು ಬಡಿದುಕೊಂಡು ನಿಂತಿತು, ಮತ್ತೆ ಬಡಿದುಕೊಂಡಿತು. ತೆಗೆದು ನೋಡಿದರೆ 'ಅಮ್ಮ' ಎಂದಿತ್ತು. ಎತ್ತಿದೆ.

"ತಲುಪಿದ್ಯೇನೇ?" ಎಂದಿತು ವಯಸ್ಸಾದ ದನಿ.

"ಅವರು ಗಾಡಿ ನೋಡ್ತಾ ಇದಾರಮ್ಮ. ಈಗ ಬರ್ತಾರೆ" ಅಂದೆ.

ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಹೆಜ್ಜೆಹೆಜ್ಜೆಗೂ ಸೊಂಟ ಚುಚ್ಚುತ್ತಿತ್ತು. ಮುಖ್ಯರಸ್ತೆಯಲ್ಲಿ ಎಳನೀರು ಮಾರುವವನನ್ನು, "ಅಣ್ಣ, ಒಬ್ರು ಮೇಡಂ ಬೈಕಲ್ಲಿ ಹೋದ್ರಾ?" ಎಂದು ಕೇಳಿದೆ. "ತಳ್ಕೊಂಡು ಹೋದ್ರು, ಆ ಕ್ರಾಸಿಗೆ" ಅಂದ.

ಯಾರದೋ ಮನೆ ಮೆಟ್ಟಿಲ ಮೇಲೆ ಕೂತಿದ್ದರು. ಬೈಕಿನ ಒಂದು ಕನ್ನಡಿ ಮುರಿದಿತ್ತು. ಅವರ ಅಂಗೈ ತರಚಿತ್ತು, ಮಂಡಿಯ ಬಳಿ ಬಟ್ಟೆ ಹರಿದಿತ್ತು.

"ತಿರುವಲ್ಲಿ ಸ್ಲೋ ಮಾಡ್ದೆ. ಒಂದೇ ಸಲ ಮುಂದಕ್ಕೆ ಹಾರ್ತು" ಅಂದರು. "ಒಬ್ಬಾಕೆ ಮಗು ಕೈ ಹಿಡ್ಕೊಂಡು ದಾಟ್ತಾ ಇದ್ರು. ಬೇರೆ ದಾರಿ ಕಾಣ್ಲಿಲ್ಲ, ನಾನೇ ಗಾಡಿ ಪಕ್ಕಕ್ಕೆ ಕೆಡವಿದೆ. ಅವರಿಗೇನೂ ಆಗ್ಲಿಲ್ಲ." ಆಮೇಲೆ ನನ್ನ ಮುಖ ನೋಡಿದರು. "ಹಿಂಗೆ ಮಾಡುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು.

"ಗೊತ್ತಿತ್ತು ಮೇಡಂ. ನಿನ್ನೆ ನನಗೂ ಹಿಂಗೇ ಮಾಡ್ತು."

ನಿಂತಲ್ಲೇ ಸೈಲೆನ್ಸರಿನದು, ಡಬ್ಬಿಯದು, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ನನ್ನ ಪೇಷಂಟ್ಸಲ್ಲಿ ಅರ್ಧಕ್ಕರ್ಧ ಗಾಡಿಯಿಂದ ಬಿದ್ದೋರೇ ಸಾರ್" ಅಂದರು, ಅಷ್ಟೇ.

ಮನೆಗೆ ಕರೆತಂದೆ. ಹೆಂಡತಿ ನೀರು ಕೊಟ್ಟಳು. ನಾನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅಂಗೈ ಒರೆಸಿದೆ. ದಿನವೂ ಎಷ್ಟೋ ಜನರ ತೋಳಿಗೆ ಸೂಜಿ ಹಾಕುವ ಕೈ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿತ್ತು. ಅವರು ಅದನ್ನು ನೋಡಿ, ತಾವೇ ಹತ್ತಿ ತೆಗೆದುಕೊಂಡು ಒರೆಸಿಕೊಂಡರು. ಹೊರಡುವಾಗ, "ಡಬ್ಬಿ ತೆಗೆಸಿ. ತೆಗೆಸಿದ ಮೇಲೆ ಫೋನ್ ಮಾಡಿ" ಅಂದರು. ಮತ್ತೆ ಬರುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ.

ಬುಧವಾರ ಮೆಕ್ಯಾನಿಕ್ ಡಬ್ಬಿ ಬಿಚ್ಚಿದ, ವೈರು ಸರಿಮಾಡಿದ, ಹೊಸ ಕನ್ನಡಿ ಹಾಕಿದ. ಮೂರು ದಿನ ನಾನೇ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಓಡಿಸಿ ನೋಡಿದೆ. ಮುಗ್ಗರಿಸಲಿಲ್ಲ. ಆಮೇಲೆ ಅವರಿಗೆ ಫೋನ್ ಮಾಡಿದೆ.

ಭಾನುವಾರ ಬಂದರು. ಕೀ ಕೊಟ್ಟೆ. ಹೆಲ್ಮೆಟ್ ಹಾಕಿಕೊಂಡು, "ಈ ಸಲ ನೀವೂ ಹಿಂದೆ ಕೂತ್ಕೊಳ್ಳಿ" ಅಂದರು.

ಕೂತೆ. ಪ್ರತಿ ಹಂಪಿಗೂ ಹಿಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೋದ ವಾರದ ತಿರುವಿನಲ್ಲಿ ಬೇಕೆಂದೇ ತೀರಾ ನಿಧಾನ ಮಾಡಿದರು. ಗಾಡಿ ಸಾಧುವಾಗಿ ತಿರುಗಿತು. ಅವರು ಇನ್ನೂ ಎರಡು ಸಲ ಅದೇ ತಿರುವಿಗೆ ಬಂದರು. ಆಮೇಲೆ, "ತಗೋತೀನಿ" ಅಂದರು. ಏನೇನು ಹಾಕಿಸಿದ್ದೆ, ಏನೇನು ಬಿಚ್ಚಿಸಿದೆ ಎಲ್ಲವನ್ನೂ ಒಂದು ಹಾಳೆಯಲ್ಲಿ ನನ್ನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಂಡರು.

ಎರಡು ತಿಂಗಳಾದ ಮೇಲೆ, ಪೇಷಂಟ್ ಒಬ್ಬರ ರಿಪೋರ್ಟ್ ತಗೊಳ್ಳಲು ಲ್ಯಾಬಿಗೆ ಬಂದಿದ್ದರು. "ಚೆನ್ನಾಗಿದೆ ಗಾಡಿ. ಕೆಂಗೇರಿವರೆಗೂ ಹೋಗ್ತೀನಿ" ಅಂದರು. ಅವರು ಕೌಂಟರಿನಲ್ಲಿ ಕಾಯುತ್ತಿರುವಾಗ ನಾನು ಕೆಳಗಿಳಿದು ಹೋದೆ. ಬೇವಿನ ಮರದಡಿ ಬೈಕು ನಿಂತಿತ್ತು. ಬಗ್ಗಲಾರದೆ ಬಗ್ಗಿ, ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಾಳಿ ಸರಿಯಾಗಿತ್ತು.